ಮುಯ್ಯಿ ಪುಸ್ತಕದ ಲೆಕ್ಕ

ಮದುವೆಮನೆಯ ಬಾಗಿಲ ಪಕ್ಕ ಒಂದು ಮೇಜು, ಒಂದು ಗೆರೆ ನೋಟ್‌ಬುಕ್ಕು, ಅದರ ಹಿಂದೆ ಲೆಕ್ಕದಲ್ಲಿ ಗಟ್ಟಿಗನೆಂದು ಹೆಸರಾದ ಒಬ್ಬ ಸೋದರಮಾವ. ಬಂದವರು ಹೆಸರು ಹೇಳಿ, ಊರು ಹೇಳಿ, ಕವರು ಕೊಟ್ಟು ಊಟದ ಹಾಲ್ ಕಡೆ ನಡೆಯುತ್ತಾರೆ. ಮುಯ್ಯಿ ದಾನವಲ್ಲ ಎಂಬುದು ಕೊಡುವವರಿಗೂ ಬರೆದುಕೊಳ್ಳುವವರಿಗೂ ಗೊತ್ತು. ಹಿಂದೆಂದೋ ನಮ್ಮ ಮನೆಯ ಕಾರ್ಯಕ್ಕೆ ಬಂದದ್ದನ್ನು ಈಗ ತೀರಿಸುತ್ತಿದ್ದೇವೆ, ಅಷ್ಟೇ.

2023ರ ನವೆಂಬರ್ 30ರಂದು ದುಬೈನ ಹವಾಮಾನ ಶೃಂಗಸಭೆಯ ಮೊದಲ ದಿನ ನಡೆದದ್ದನ್ನು ನೋಡಿದಾಗ ನನಗೆ ಆ ಮೇಜೇ ನೆನಪಾಯಿತು. ‘ನಷ್ಟ ಮತ್ತು ಹಾನಿ’ಯ ಹೊಸ ನಿಧಿಗೆ ದೇಶಗಳು ಒಂದರ ಹಿಂದೊಂದು ಎದ್ದು ಮೊತ್ತ ಹೇಳಿದವು. ಆತಿಥೇಯ ಅರಬ್ ಎಮಿರೇಟ್ಸ್ 10 ಕೋಟಿ ಡಾಲರ್ ಎಂದಿತು, ಜರ್ಮನಿಯೂ 10 ಕೋಟಿ ಎಂದಿತು. ಜಪಾನ್ 1 ಕೋಟಿ. ಇತಿಹಾಸದಲ್ಲೇ ಅತಿ ಹೆಚ್ಚು ಇಂಗಾಲವನ್ನು ಗಾಳಿಗೆ ಬಿಟ್ಟ ಅಮೆರಿಕ 1.75 ಕೋಟಿ. ಸಭೆ ಮುಗಿಯುವಷ್ಟರಲ್ಲಿ ಸುಮಾರು 70 ಕೋಟಿ ಡಾಲರ್ ಬರೆಸಿಯಾಗಿತ್ತು. ಮದುವೆಮನೆಯಲ್ಲಿ ಕವರು ಕೈಗೆ ಬಂದ ಮೇಲೆ ಹೆಸರು ಬರೆಯುತ್ತಾರೆ. ಇಲ್ಲಿ ಹೆಸರು ಮೊದಲು, ಕವರು ಆಮೇಲೆ, ಬಂದರೆ.

ಈ ನಿಧಿಯ ಬೇಡಿಕೆ ಹಳೆಯದು. ಸಮುದ್ರಮಟ್ಟ ಏರಿ ನೆಲ ಕಳೆದುಕೊಳ್ಳುವ ದೇಶಗಳಿಗೆ ವಿಮೆಯ ಥರದ ಒಂದು ವ್ಯವಸ್ಥೆ ಬೇಕು, ಅದರ ಕಂತನ್ನು ಶ್ರೀಮಂತ ದೇಶಗಳು ಕಟ್ಟಲಿ ಎಂದು ಪೆಸಿಫಿಕ್ಕಿನ ಪುಟ್ಟ ದೇಶ ವನುವಾಟು, ದ್ವೀಪರಾಷ್ಟ್ರಗಳ ಪರವಾಗಿ ಕೇಳಿದ್ದು 1991ರಲ್ಲಿ. ಖಾತೆ ತೆರೆಯಲು 32 ವರ್ಷ ಹಿಡಿಯಿತು. 2025ರ ಮಾರ್ಚ್‌ನಲ್ಲಿ ಅಮೆರಿಕ ನಿಧಿಯ ಆಡಳಿತ ಮಂಡಳಿಯಿಂದಲೇ ಎದ್ದು ಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಂ ಸಭೆಯ ಹೊತ್ತಿಗೆ ನಿಧಿಯು ಮೊದಲ 25 ಕೋಟಿ ಡಾಲರ್ ಹಂಚಲು ಅರ್ಜಿ ಕರೆಯುವ ಹಂತ ತಲುಪಿತ್ತು.

ಹವಾಮಾನ ಮತ್ತು ಸುಸ್ಥಿರ ಅಭಿವೃದ್ಧಿಯ ಹೆಸರಿನಲ್ಲಿ ಅರ್ಧ ಶತಮಾನದಿಂದ ನಡೆದಿರುವ ಅಂತಾರಾಷ್ಟ್ರೀಯ ಸಹಕಾರವನ್ನು ಘೋಷಣೆಗಳ ಮೂಲಕ ಓದಿದರೆ ಒಂದು ಚಿತ್ರ ಕಾಣುತ್ತದೆ. ಮುಯ್ಯಿ ಪುಸ್ತಕ ಬಿಚ್ಚಿ ಓದಿದರೆ ಇನ್ನೊಂದು. ಎರಡನೆಯದೇ ಹೆಚ್ಚು ನಿಜ ಹೇಳುತ್ತದೆಂಬುದು ನನ್ನ ಅನುಮಾನ. ಆದ್ದರಿಂದ ಅದನ್ನೇ ಬಿಚ್ಚಿಕೊಂಡು ಕೂತಿದ್ದೇನೆ.

ಮೊದಲ ಪುಟ 1972ರ ಜೂನ್ ತಿಂಗಳಿನದು. ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆ ಮಾನವ ಪರಿಸರ ಸಮ್ಮೇಳನ ನಡೆಸಿತು. ಆತಿಥೇಯ ಸ್ವೀಡನ್ನಿನ ಓಲೋಫ್ ಪಾಮೆ ಅವರನ್ನು ಬಿಟ್ಟರೆ ಅಲ್ಲಿಗೆ ಖುದ್ದಾಗಿ ಬಂದ ಸರ್ಕಾರದ ಮುಖ್ಯಸ್ಥರು ಇಂದಿರಾ ಗಾಂಧಿ ಒಬ್ಬರೇ. ಬಡತನವೇ ಅತಿ ದೊಡ್ಡ ಮಾಲಿನ್ಯ ಎಂದು ಅವರು ಸಾರಿದರೆಂದು ನಮ್ಮ ಪಠ್ಯಪುಸ್ತಕಗಳೂ ಭಾಷಣಕಾರರೂ ಹೇಳುತ್ತ ಬಂದಿದ್ದಾರೆ. ಅವರು ಸಾರಲಿಲ್ಲ, ಕೇಳಿದರು: ಬಡತನ ಮತ್ತು ಕೊರತೆಗಳೇ ದೊಡ್ಡ ಮಾಲಿನ್ಯಕಾರಿಗಳಲ್ಲವೇ ಎಂದು. ಪ್ರಶ್ನಾರ್ಥಕ ಚಿಹ್ನೆ ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು. ಅದು ಬಿದ್ದದ್ದರಿಂದ ಬಡವರೇ ಪರಿಸರ ಕೆಡಿಸುತ್ತಾರೆ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತು. ಅವರು ಕೇಳಿದ್ದು ಸರಳ: ನೀವು ಹೊಗೆ ಎಬ್ಬಿಸಿ ಉಂಡು ಕೈ ತೊಳೆದಿರಿ, ಈಗ ನಮಗೆ ಒಲೆ ಹಚ್ಚಬೇಡಿ ಎನ್ನುತ್ತೀರಾ?

1991ರಲ್ಲಿ ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನಿತಾ ನಾರಾಯಣ್ ಆ ಪ್ರಶ್ನೆಗೆ ಅಂಕಿ ತುಂಬಿದರು. ಅಮೆರಿಕದ ಸಂಶೋಧನಾ ಸಂಸ್ಥೆಯೊಂದು ಭಾರತ, ಚೀನಾಗಳನ್ನು ದೊಡ್ಡ ಅಪರಾಧಿಗಳ ಪಟ್ಟಿಗೆ ಸೇರಿಸಿತ್ತು. ಭತ್ತದ ಗದ್ದೆಯ ಮೀಥೇನನ್ನೂ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ, ಬದುಕಲು ಬಿಡುವ ಹೊಗೆ ಬೇರೆ, ಭೋಗಕ್ಕೆ ಬಿಡುವ ಹೊಗೆ ಬೇರೆ ಎಂದು ಇವರು ವಾದಿಸಿದರು. ಮರುವರ್ಷ ರಿಯೊ ಶೃಂಗಸಭೆಯಲ್ಲಿ ಈ ವಾದ ರಾಜತಂತ್ರದ ಭಾಷೆ ತೊಟ್ಟು ಬಂತು: ಹೊಣೆ ಎಲ್ಲರದೂ ಹೌದು, ಆದರೆ ಬೇರೆಬೇರೆ ಪ್ರಮಾಣದ್ದು. ಹವಾಮಾನ ಒಪ್ಪಂದದ ಚೌಕಟ್ಟು ನಿಂತಿರುವುದು ಈ ಒಂದು ಸಾಲಿನ ಮೇಲೆ. ಕಳೆದ ಮೂರು ದಶಕಗಳ ಜಗಳವೂ ಈ ಸಾಲಿನದೇ.

ಇನ್ನು ಪುಸ್ತಕದಲ್ಲಿ ಚುಕ್ತಾ ಎಂದು ಬರೆದಿರುವ ಪುಟ ಒಂದಾದರೂ ಇದೆಯೇ? ಇದೆ. ಅದು ಇಂಗಾಲದ್ದಲ್ಲ, ಓಝೋನಿನದು.

ಫ್ರಿಜ್ಜು, ಏಸಿ, ಸ್ಪ್ರೇ ಡಬ್ಬಿಗಳಲ್ಲಿದ್ದ ಸಿಎಫ್‌ಸಿ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತಿವೆ ಎಂದು ಖಚಿತವಾದಾಗ 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಭಾರತ, ಚೀನಾ ಎರಡೂ ಹೊರಗುಳಿದವು. ಹೊಸ ಅನಿಲಗಳ ತಂತ್ರಜ್ಞಾನ ಕೆಲವೇ ಕಂಪನಿಗಳ ಕೈಯಲ್ಲಿತ್ತು. ಹಳೆಯದನ್ನು ಬಿಡಿ, ಹೊಸದನ್ನು ನಮ್ಮಿಂದಲೇ ಕೊಳ್ಳಿ ಎಂಬ ಧಾಟಿ. 1990ರ ಲಂಡನ್ ಸಭೆಯಲ್ಲಿ ಅಂದಿನ ಪರಿಸರ ಸಚಿವೆ ಮೇನಕಾ ಗಾಂಧಿ ಸೇರಿದಂತೆ ಬಡದೇಶಗಳ ಪ್ರತಿನಿಧಿಗಳು ಪಟ್ಟು ಹಿಡಿದರು: ಹಣ ಮತ್ತು ತಂತ್ರಜ್ಞಾನ ಕೊಡುವುದಾದರೆ ಬರುತ್ತೇವೆ. ಅಲ್ಲಿ ಹುಟ್ಟಿದ್ದು ಬಹುಪಕ್ಷೀಯ ನಿಧಿ. ಹಳೆಯ ಅನಿಲದಿಂದ ಹೊಸದಕ್ಕೆ ಹೋಗಲು ಕಾರ್ಖಾನೆಗೆ ತಗಲುವ ಹೆಚ್ಚುವರಿ ಖರ್ಚನ್ನು ಲೆಕ್ಕಹಾಕಿ ಆ ಹೆಚ್ಚುವರಿಯನ್ನು ಮಾತ್ರ ನಿಧಿ ಕೊಡುತ್ತದೆ. ಅದರ ಕಾರ್ಯಕಾರಿ ಸಮಿತಿಯಲ್ಲಿ ಶ್ರೀಮಂತ ದೇಶಗಳದು ಏಳು ಕುರ್ಚಿ, ಬಡದೇಶಗಳದೂ ಏಳು. ಬಡದೇಶಗಳಿಗೆ ಹತ್ತು ವರ್ಷದ ಹೆಚ್ಚಿನ ಗಡುವು ಸಿಕ್ಕಿತು. ಒಪ್ಪಂದಕ್ಕೆ ಬಾರದ ದೇಶಗಳೊಂದಿಗೆ ಈ ಅನಿಲಗಳ ವ್ಯಾಪಾರ ಬಂದ್. ಭಾರತ 1992ರಲ್ಲಿ ಸೇರಿತು. ಮುಂದೆ ಜಗತ್ತಿನ ಎಲ್ಲ ದೇಶಗಳೂ ಸಹಿ ಹಾಕಿದವು. ನಿಯಂತ್ರಣಕ್ಕೆ ಒಳಪಟ್ಟ ಓಝೋನ್ ನಾಶಕಗಳಲ್ಲಿ ಶೇ 99ರಷ್ಟು ಈಗ ಬಳಕೆಯಲ್ಲಿಲ್ಲ. ಅಡುಗೆಮನೆಯ ಫ್ರಿಜ್ಜಿನೊಳಗಿನ ಅನಿಲ ಎರಡು ಬಾರಿ ಬದಲಾಯಿತು, ಮನೆಯವರಿಗೆ ಗೊತ್ತೂ ಆಗಲಿಲ್ಲ. ಯಶಸ್ವಿ ಅಂತಾರಾಷ್ಟ್ರೀಯ ಒಪ್ಪಂದ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಫ್ರಿಜ್ಜು ತೋರಿಸುತ್ತೇನೆ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದು. ಸಿಎಫ್‌ಸಿ ತಯಾರಿಸುತ್ತಿದ್ದ ಕಂಪನಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಬದಲಿ ಅನಿಲವೂ ಸಿದ್ಧವಾಗುತ್ತಿತ್ತು. ಕಲ್ಲಿದ್ದಲು, ಪೆಟ್ರೋಲು ಹಾಗಲ್ಲ. ಅವು ಇಡೀ ಆರ್ಥಿಕತೆಯ ನರನಾಡಿಯಲ್ಲಿವೆ. ಹೌದು. ಆದರೂ ಮಾಂಟ್ರಿಯಲ್‌ನ ಮೂರು ಸಂಗತಿಗಳು, ಅಂದರೆ ಹೆಚ್ಚುವರಿ ಖರ್ಚಿಗೆ ನಗದು, ಸಮಪಾಲಿನ ಸಮಿತಿ, ಒಳಗಿದ್ದವರಿಗೂ ಹೊರಗಿದ್ದವರಿಗೂ ಒಂದೇ ಸಲ ಗೊತ್ತಾದ ನಿಯಮ, ಹವಾಮಾನದ ಒಪ್ಪಂದಗಳಲ್ಲಿ ಒಟ್ಟಿಗೆ ಎಂದೂ ಕಾಣಿಸಿಕೊಳ್ಳಲಿಲ್ಲ.

1997ರ ಕ್ಯೋಟೊ ಶಿಷ್ಟಾಚಾರವನ್ನು ಹೆಚ್ಚು ಎಳೆಯಬೇಕಿಲ್ಲ. 1990ರ ಮಟ್ಟಕ್ಕಿಂತ ಸರಾಸರಿ ಶೇ 5.2ರಷ್ಟು ಇಳಿಸುತ್ತೇವೆಂದು ಶ್ರೀಮಂತ ದೇಶಗಳು ಒಪ್ಪಿದವು. ಸಹಿ ಬೀಳುವ ಮೊದಲೇ ಅಮೆರಿಕದ ಸೆನೆಟ್ 95–0 ಮತದಿಂದ, ಬಡದೇಶಗಳಿಗೂ ಮಿತಿ ಹಾಕದ ಒಪ್ಪಂದ ನಮಗೆ ಬೇಡ ಎಂದು ಹೇಳಿಯಾಗಿತ್ತು. 2001ರಲ್ಲಿ ಅಧ್ಯಕ್ಷ ಬುಷ್ ಕೈ ತೊಳೆದುಕೊಂಡರು, 2011ರಲ್ಲಿ ಕೆನಡಾ ಹೊರಟಿತು. ಆದರೆ ಕ್ಯೋಟೊದ ಒಂದು ಬಾಲ ಬಾಗೇಪಲ್ಲಿಯವರೆಗೆ ಚಾಚಿತ್ತು, ಅದನ್ನು ನೋಡಲೇಬೇಕು.

ಆ ಬಾಲದ ಹೆಸರು ಶುದ್ಧ ಅಭಿವೃದ್ಧಿ ವ್ಯವಸ್ಥೆ. ಬಡದೇಶದಲ್ಲಿ ಯಾರೋ ಇಂಗಾಲ ಉಳಿಸಿದರೆ, ಉಳಿಸಿದ ಪ್ರತಿ ಟನ್ನಿಗೂ ಒಂದು ಪತ್ರ. ಅದನ್ನು ಯುರೋಪಿನ ಕಂಪನಿ ಕೊಂಡು ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಬಹುದು. 2005ರ ಕೊನೆಗೆ ನೋಂದಣಿಯಾದ ಬಾಗೇಪಲ್ಲಿ ಕೂಲಿ ಸಂಘದ ಯೋಜನೆ ಇಂಥದ್ದು: ಕೂಲಿ ಮತ್ತು ಸಣ್ಣ ರೈತರ 5,500 ಮನೆಗಳಿಗೆ ತಲಾ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕ. ಹಿತ್ತಲಲ್ಲಿ ನೆಲಕ್ಕೆ ಹುದುಗಿದ ಗುಮ್ಮಟ, ಒಂದು ಬದಿಗೆ ಕಲಸುವ ತೊಟ್ಟಿ. ಬೆಳಿಗ್ಗೆ ಬುಟ್ಟಿಗಟ್ಟಲೆ ಸಗಣಿ ಸುರಿದು, ಅಷ್ಟೇ ನೀರು ಹಾಕಿ, ಹುಲ್ಲುಕಡ್ಡಿ ಆರಿಸಿ ತೆಗೆದು ಕೈಯಿಂದ ಕಲಸಬೇಕು. ಗಂಟು ಉಳಿಯಬಾರದು. ಮಳೆ ಕೈಕೊಟ್ಟು ಬೋರ್‌ವೆಲ್ ಬತ್ತಿದ ವರ್ಷ ಆ ನೀರಿಗೂ ಕೊಡ ಹೊರಬೇಕು. ಒಳಗೆ ಒಲೆಯಲ್ಲಿ ನೀಲಿ ಉರಿ. ಸೌದೆಯ ಹೊಗೆ ಇಲ್ಲ, ಬೆಟ್ಟಕ್ಕೆ ಹೋಗುವುದಿಲ್ಲ. ಇನ್ನೊಂದು ಬದಿಯಿಂದ ಹೊರಬರುವ ಬಗ್ಗಡ ಗೊಬ್ಬರದ ಗುಂಡಿಗೆ. ಒಂದು ಮನೆ ಹೀಗೆ ವರ್ಷವಿಡೀ ಕಲಸಿದರೆ ಉಳಿಯುವುದು ಸುಮಾರು ಮೂರೂವರೆ ಟನ್ ಇಂಗಾಲದ ಡೈಆಕ್ಸೈಡ್. ಕಾಗದದ ಭಾಷೆಯಲ್ಲಿ ಮೂರೂವರೆ ಪತ್ರ.

ಅದೇ ವ್ಯವಸ್ಥೆಯ ಇನ್ನೊಂದು ತುದಿಯಲ್ಲಿ ಚೀನಾ, ಭಾರತಗಳ ಕೆಲವು ಶೀತಕ ಅನಿಲ ಕಾರ್ಖಾನೆಗಳಿದ್ದವು. ಅವುಗಳ ಉಪ ಉತ್ಪನ್ನ ಎಚ್‌ಎಫ್‌ಸಿ-23. ಇದರ ಒಂದು ಟನ್ನಿಗೆ 11,700 ಟನ್ ಇಂಗಾಲದ ಡೈಆಕ್ಸೈಡಿನ ಬೆಲೆ ಕಟ್ಟಲಾಗಿತ್ತು. ಅದನ್ನು ಸುಡುವ ಖರ್ಚು ತೀರಾ ಕಡಿಮೆ, ಸಿಗುವ ಪತ್ರಗಳು ರಾಶಿ ರಾಶಿ. ಚಿಮಣಿಯಲ್ಲಿ ಒಂದು ಟನ್ ಸುಟ್ಟರೆ ಬಾಗೇಪಲ್ಲಿಯ ಮೂರು ಸಾವಿರಕ್ಕೂ ಹೆಚ್ಚು ಮನೆಗಳು ಒಂದು ವರ್ಷ ಸಗಣಿ ಕಲಸಿದಷ್ಟು ಪುಣ್ಯ. ಮೂಲ ಅನಿಲಕ್ಕಿಂತ ಅದರ ಕಸವೇ ಲಾಭದ್ದಾಯಿತು. ಕಸಕ್ಕಾಗಿಯೇ ಉತ್ಪಾದನೆ ನಡೆಯುತ್ತಿದೆಯೇ ಎಂಬ ಗುಮಾನಿ ಎದ್ದು, 2013ರ ಮೇನಿಂದ ಯುರೋಪ್ ಈ ಪತ್ರಗಳನ್ನು ನಿಷೇಧಿಸಿತು. ಅಷ್ಟರೊಳಗೆ ಇಡೀ ಮಾರುಕಟ್ಟೆಯೇ ಮಗುಚಿತ್ತು: 2008ರಲ್ಲಿ 20 ಯುರೋ ದಾಟಿದ್ದ ಪತ್ರದ ಬೆಲೆ 2012ರ ಕೊನೆಗೆ ಒಂದು ಯುರೋಗಿಂತ ಕೆಳಗೆ. ಮಾರುಕಟ್ಟೆ ಸಹಕಾರ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಕಲಸುವ ತೊಟ್ಟಿ ಕಣ್ಣಿಗೆ ಬರುತ್ತದೆ. ಬೆಲೆ ಬಿದ್ದಿತೆಂದು ಸಗಣಿಯ ಗಂಟು ತಾನಾಗಿ ಕರಗುವುದಿಲ್ಲ.

2009ರ ಕೋಪನ್‌ಹೇಗನ್ ಸಭೆ ಕುಸಿದುಬೀಳುವ ಹೊತ್ತಿನಲ್ಲಿ ಒಂದು ದೊಡ್ಡ ಅಂಕಿ ಬಂತು: 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್. ಯಾರು ಎಷ್ಟು ಕೊಡಬೇಕು, ಸಾಲವೂ ಲೆಕ್ಕಕ್ಕೆ ಬರುತ್ತದೆಯೇ, ಬೇರೆ ನೆರವಿನ ಹಣವನ್ನೇ ಹೆಸರು ಬದಲಿಸಿ ತೋರಿಸಬಹುದೇ ಎಂಬುದನ್ನೆಲ್ಲ ಖಾಲಿ ಬಿಟ್ಟ ಅಂಕಿ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಲೆಕ್ಕದಂತೆ ಈ ಗುರಿ ಮುಟ್ಟಿದ್ದು 2022ರಲ್ಲಿ, 11,590 ಕೋಟಿ ಡಾಲರ್. ಅದರ ಸರ್ಕಾರಿ ಪಾಲಿನಲ್ಲಿ ಶೇ 69ರಷ್ಟು ಸಾಲ. ಬಡ್ಡಿಯೊಂದಿಗೆ ವಾಪಸು ಬರಬೇಕಾದ ಹಣವನ್ನು ಮುಖಬೆಲೆಗೇ ಎಣಿಸಿದ್ದಾರೆಂದು ಆಕ್ಸ್‌ಫ್ಯಾಮ್ ತಕರಾರು ತೆಗೆದು, ನಿಜಬೆಲೆ 2,800ರಿಂದ 3,500 ಕೋಟಿ ಮಾತ್ರ ಎಂದಿತು. ಮುಯ್ಯಿ ಅಂತ ಕೊಟ್ಟ ಕವರಿನೊಳಗೆ ಪ್ರಾಮಿಸರಿ ನೋಟು ಇಟ್ಟಿದ್ದರೆ ನಮ್ಮ ಸೋದರಮಾವ ಅದನ್ನು ಯಾವ ಕಾಲಮಿನಲ್ಲಿ ಬರೆಯುತ್ತಿದ್ದ?

ಪ್ಯಾರಿಸ್ಸಿಗೆ ಬರೋಣ. 2015ರ ಡಿಸೆಂಬರ್ 12ರ ಸಂಜೆ. ಎರಡು ವಾರದ ನಿದ್ದೆಗೇಡಿನ ನಂತರ ಕರಡು ಸಿದ್ಧವಾಗಿತ್ತು. ಆಗ ಅಮೆರಿಕದ ವಕೀಲರ ಕಣ್ಣಿಗೆ ನಾಲ್ಕನೇ ವಿಧಿಯಲ್ಲೊಂದು ಪದ ಬಿತ್ತು. ಶ್ರೀಮಂತ ದೇಶಗಳು ಇಳಿಕೆಯಲ್ಲಿ ಮುಂದಾಳುತನ ವಹಿಸುವ ಜಾಗದಲ್ಲಿ ‘ಶುಡ್’ ಇರಬೇಕಾದಲ್ಲಿ ‘ಶಲ್’ ಇತ್ತು. ನಮ್ಮ ರಾಜ್ಯಪತ್ರದ ಕನ್ನಡದಲ್ಲಿ ಇದರ ಅಂತರ ಚೆನ್ನಾಗಿ ಗೊತ್ತು. ‘ಮಾಡತಕ್ಕದ್ದು’ ಎಂದರೆ ಕಾನೂನು, ‘ಮಾಡುವುದು ಒಳಿತು’ ಎಂದರೆ ಬುದ್ಧಿಮಾತು. ‘ತಕ್ಕದ್ದು’ ಉಳಿದರೆ ಒಪ್ಪಂದವನ್ನು ಸೆನೆಟ್ಟಿಗೆ ಒಯ್ಯಬೇಕಾಗುತ್ತದೆ, ಅಲ್ಲಿ ಅದು ಸತ್ತಂತೆಯೇ. ಸಭಾಂಗಣದಲ್ಲಿ ಗಂಟೆಗಟ್ಟಲೆ ಕಾದ ಮೇಲೆ, ಕಾರ್ಯಾಲಯದ ಅಧಿಕಾರಿಯೊಬ್ಬರು ಅಚ್ಚಿನ ತಪ್ಪುಗಳ ಪಟ್ಟಿಯನ್ನು ಓದುವಂತೆ ಓದಿದರು. ಅದರ ನಡುವೆ ಈ ಪದವೂ ಸೇರಿ ಬದಲಾಯಿತು. ಅಧ್ಯಕ್ಷ ಲೊರಾನ್ ಫಾಬಿಯುಸ್ ಹಸಿರು ಸುತ್ತಿಗೆ ಕುಟ್ಟಿದರು, ಚಪ್ಪಾಳೆ ಬಿತ್ತು. ಜಗತ್ತಿನ ತಾಪದ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ 1.5ರೊಳಗೆ ನಿಲ್ಲಿಸುವ ಒಪ್ಪಂದ ಹುಟ್ಟಿದ್ದು ಹೀಗೆ. ಪ್ರತಿ ದೇಶ ತನ್ನ ಗುರಿ ತಾನೇ ಬರೆದುಕೊಳ್ಳುತ್ತದೆ, ತಪ್ಪಿದರೆ ದಂಡವಿಲ್ಲ. ಇಷ್ಟು ಸಡಿಲಗೊಳಿಸಿದ್ದು ಅಮೆರಿಕವನ್ನು ಒಳಗಿಟ್ಟುಕೊಳ್ಳಲು. ಅದು 2020ರಲ್ಲಿ ಹೊರಗೆ ಹೋಯಿತು, 2021ರಲ್ಲಿ ಒಳಗೆ ಬಂತು, 2025ರ ಜನವರಿಯಲ್ಲಿ ಮತ್ತೆ ಹೊರಡುವ ಆದೇಶಕ್ಕೆ ಸಹಿ ಬಿತ್ತು.

ಪ್ಯಾರಿಸ್ ಒಪ್ಪಂದದ ವರ್ಷವೇ, 2015ರ ಸೆಪ್ಟೆಂಬರ್‌ನಲ್ಲಿ, ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನೂ 169 ಉಪಗುರಿಗಳನ್ನೂ ಅಂಗೀಕರಿಸಿತ್ತು. ಬಣ್ಣಬಣ್ಣದ ಆ ಚೌಕಗಳು ಈಗ ಜಿಲ್ಲಾ ಪಂಚಾಯಿತಿಯ ಗೋಡೆಗಳ ಮೇಲೂ ಇವೆ. 2024ರ ವಿಶ್ವಸಂಸ್ಥೆಯ ವರದಿಯ ಪ್ರಕಾರ ಹಳಿಯ ಮೇಲಿರುವುದು ಉಪಗುರಿಗಳಲ್ಲಿ ಶೇ 17 ಮಾತ್ರ. ಹಸಿವು, ನೀರು, ಉದ್ಯೋಗದ ಗುರಿಗಳು ಒಂದು ಕಚೇರಿಯಲ್ಲಿ, ಇಂಗಾಲದ ಗುರಿ ಇನ್ನೊಂದರಲ್ಲಿ ಕೂತಿರುವುದೇ ತೊಡಕು. ನೆಲದ ಮೇಲೆ ಅವು ಒಂದೇ ಹೊಲಕ್ಕೆ ಬಂದು ಡಿಕ್ಕಿ ಹೊಡೆಯುತ್ತವೆ.

ಆ ಹೊಲ ನೋಡಬೇಕಾದರೆ ಪಾವಗಡಕ್ಕೆ ಹೋಗಬೇಕು. ತಿರುಮಣಿ ಸುತ್ತಲ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಉದ್ಯಾನ. ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ನೆಲವನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ಹೆಗ್ಗಳಿಕೆ: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಪಹಣಿಯಲ್ಲಿ ಹೆಸರಿದ್ದವರಿಗೆ ಇದು ಬರಗಾಲದಲ್ಲೂ ತಪ್ಪದ ಬೆಳೆ. ಹೆಸರಿಲ್ಲದೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬೇಲಿ. ಹವಾಮಾನದ ಹದಿಮೂರನೇ ಗುರಿ ಗೆದ್ದ ಜಾಗದಲ್ಲೇ ಬಡತನ ನೀಗುವ ಮೊದಲನೆಯದು ಎಡವಿದೆ.

ಇಷ್ಟು ಅಗ್ಗದ ಫಲಕಗಳು ಪಾವಗಡಕ್ಕೆ ಬಂದದ್ದಾದರೂ ಹೇಗೆ? ಯಾವ ಶೃಂಗಸಭೆಯೂ ಅದನ್ನು ನಿರ್ಧರಿಸಲಿಲ್ಲ. 2000ದಲ್ಲಿ ಜರ್ಮನಿ ಸೌರ ವಿದ್ಯುತ್ತಿಗೆ ಹೆಚ್ಚಿನ ದರ ಕೊಡುವ ಕಾನೂನು ಮಾಡಿತು. ಆ ಹೊರೆಯನ್ನು ಅಲ್ಲಿನ ಮನೆಮನೆಯ ಕರೆಂಟ್ ಬಿಲ್ಲು ಹೊತ್ತಿತು. ಆ ಬೇಡಿಕೆ ನೆಚ್ಚಿ ಚೀನಾ ಕಾರ್ಖಾನೆಗಳನ್ನು ಕಟ್ಟಿತು. ಬೆಲೆ ಹತ್ತರಲ್ಲಿ ಒಂಬತ್ತು ಪಾಲು ಬಿತ್ತು. ಹವಾಮಾನದ ವಿಷಯದಲ್ಲಿ ಈವರೆಗೆ ಆಗಿರುವ ಅತಿ ದೊಡ್ಡ ಅಂತಾರಾಷ್ಟ್ರೀಯ ಸಹಕಾರ ಬಹುಶಃ ಇದೇ, ಮತ್ತು ಯಾರೂ ಇದಕ್ಕೆ ಸಹಿ ಹಾಕಿಲ್ಲ.

ಪುಸ್ತಕ ತಿರುವುವಾಗ ನಮ್ಮ ಮನೆಯ ಹೆಸರನ್ನೂ ಹುಡುಕಬೇಕಲ್ಲ. ಇಂದು ವಾರ್ಷಿಕ ಲೆಕ್ಕದಲ್ಲಿ ಭಾರತ ಜಗತ್ತಿನ ಮೂರನೇ ದೊಡ್ಡ ಇಂಗಾಲ ಸೂಸುವ ದೇಶ. ತಲೆಗೆ ಹಂಚಿದರೆ ಸುಮಾರು ಎರಡು ಟನ್, ಅಮೆರಿಕದವರದು 14ರ ಆಸುಪಾಸು. ಎರಡೂ ನಿಜ. ದೆಹಲಿ ಎರಡನೆಯದನ್ನು ಹೊರಗೆ ಹೇಳುತ್ತದೆ, ಅದು ಸರಿಯೇ. ಆದರೆ ಆ ಎರಡು ಟನ್ನಿನ ಸರಾಸರಿಯೊಳಗೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಎರಡು ಕಾರೂ ಪಾವಗಡದ ಕುರಿಗಾಹಿಯ ಬರಿಗಾಲೂ ಒಟ್ಟಿಗೆ ಅಡಗಿವೆ ಎಂಬುದನ್ನು ನಾವು ಒಳಗೆ ಅಷ್ಟಾಗಿ ಮಾತಾಡುವುದಿಲ್ಲ. 2021ರ ಗ್ಲಾಸ್ಗೋ ಹವಾಮಾನ ಸಭೆಯಲ್ಲಿ 2070ಕ್ಕೆ ನಿವ್ವಳ ಶೂನ್ಯ ಎಂದು ಘೋಷಿಸಿದ ಭಾರತವೇ, ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲನ್ನು ‘ನಿಲ್ಲಿಸುವುದು’ ಎಂಬುದನ್ನು ‘ತಗ್ಗಿಸುವುದು’ ಎಂದು ಬದಲಿಸಿತು. ಸಭೆಯ ಅಧ್ಯಕ್ಷ ಅಲೋಕ್ ಶರ್ಮಾ ವೇದಿಕೆಯಲ್ಲೇ ಗದ್ಗದಿತರಾದರು. ತೈಲ, ಅನಿಲಗಳ ಹೆಸರೆತ್ತದೆ ಕಲ್ಲಿದ್ದಲನ್ನಷ್ಟೇ ಹಿಡಿದದ್ದು ನ್ಯಾಯವಲ್ಲ ಎಂಬ ಭಾರತದ ಮಾತಿನಲ್ಲಿ ತಿರುಳಿತ್ತು. 2025ರ ಮಧ್ಯದ ಹೊತ್ತಿಗೆ ನಮ್ಮ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆ ಇಂಧನದಾಚೆಯದಾಯಿತು, ಗಡುವಿಗೆ ಐದು ವರ್ಷ ಮೊದಲೇ. ಇದು ಸಣ್ಣ ಸಾಧನೆಯಲ್ಲ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ತಂತಿಯಲ್ಲಿ ಹರಿಯುವ ವಿದ್ಯುತ್ತಿನಲ್ಲಿ ಹತ್ತಕ್ಕೆ ಏಳು ಪಾಲು ಈಗಲೂ ಕಲ್ಲಿದ್ದಲಿನದೇ.

2024ರ ನವೆಂಬರ್‌ನಲ್ಲಿ ಬಾಕು ಶೃಂಗಸಭೆ. ಹಳೆಯ 10,000 ಕೋಟಿಯ ಜಾಗಕ್ಕೆ ಹೊಸ ಅಂಕಿ ಬರಬೇಕಿತ್ತು. ಬಡದೇಶಗಳು ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್. ಸಿಕ್ಕಿದ್ದು 2035ರ ವೇಳೆಗೆ 30,000 ಕೋಟಿ, ಅದೂ ‘ನಾನಾ ಮೂಲಗಳಿಂದ’. ಭಾರತದ ಪ್ರತಿನಿಧಿ ಚಾಂದನಿ ರೈನಾ ಮಾತಾಡಲು ಕೈ ಎತ್ತಿದ್ದರೂ ಅದಕ್ಕೆ ಮೊದಲೇ ಸುತ್ತಿಗೆ ಬಿತ್ತು. ಆಮೇಲೆ ಅವರು ಇದನ್ನು ಕಣ್ಕಟ್ಟು ಎಂದು ಕರೆದರು. ಮರುವರ್ಷ ಅಮೆಜಾನ್ ಕಾಡಿನ ಅಂಚಿನ ಬೆಲೆಂಗೆ ಅಮೆರಿಕ ತನ್ನ ನಿಯೋಗವನ್ನೇ ಕಳಿಸಲಿಲ್ಲ. ಬದಲಾದ ಹವಾಮಾನಕ್ಕೆ ಹೊಂದಿಕೊಳ್ಳಲು ಕೊಡುವ ಹಣವನ್ನು 2035ರೊಳಗೆ ಮೂರು ಪಟ್ಟು ಮಾಡಬೇಕೆಂಬ ಕರೆ ಬಂತು, ಪಳೆಯುಳಿಕೆ ಇಂಧನದಿಂದ ಹೊರಬರುವ ನಕ್ಷೆ ಅಂತಿಮ ಪಠ್ಯಕ್ಕೆ ಬರಲಿಲ್ಲ. ವ್ಯಾಪಾರ ನಿರ್ಬಂಧಗಳ ಬಗ್ಗೆ ಮುಂದಿನ ವರ್ಷಗಳಲ್ಲಿ ಮೂರು ಸಂವಾದ ನಡೆಸುವುದೆಂದು ಬರೆಯಲಾಯಿತು.

ಕೊನೆಯ ಆ ಸಾಲು ದೊಡ್ಡ ಸುದ್ದಿಯಾಗಲಿಲ್ಲ. ನನ್ನ ಮಟ್ಟಿಗೆ ಬೆಲೆಂನ ಮುಖ್ಯ ಸುದ್ದಿ ಅದೇ. ಸಹಕಾರ ಒಪ್ಪಂದದ ಕೋಣೆಯಿಂದ ಎದ್ದು ಸುಂಕದ ಕಟ್ಟೆಗೆ ಹೊರಟಿದೆ. 2026ರ ಜನವರಿ 1ರಿಂದ ಯುರೋಪಿಗೆ ಹೋಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರಗಳ ಮೇಲೆ ಇಂಗಾಲದ ಗಡಿ ತೆರಿಗೆ ಶುರುವಾಗಿದೆ. ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೂ ಅದರ ಬಿಸಿ ತಟ್ಟುತ್ತದೆ. ವಸೂಲಾದ ಹಣ ಯುರೋಪಿನ ಬೊಕ್ಕಸಕ್ಕೇ ಹೋಗುತ್ತದೆ. ಉಕ್ಕಿನ ಕಂಪನಿಗಳಿಗೆ ವಕೀಲರಿದ್ದಾರೆ, ಅವರ ಚಿಂತೆ ನನಗಿಲ್ಲ. ಯುರೋಪಿನ ಇನ್ನೊಂದು ಕಾನೂನಿನ ಮಾತೇ ಬೇರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್ ಇತ್ಯಾದಿ ಯುರೋಪಿನೊಳಗೆ ಬರುವಂತಿಲ್ಲ. ಬೆಳೆದ ಪ್ರತಿ ತುಂಡು ನೆಲದ ಅಕ್ಷಾಂಶ, ರೇಖಾಂಶ ದಾಖಲಾಗಬೇಕು. ನಾಲ್ಕು ಹೆಕ್ಟೇರಿನೊಳಗಿದ್ದರೆ ಒಂದು ಬಿಂದು ಸಾಕು, ಮೀರಿದರೆ ಸುತ್ತಳತೆಯ ನಕ್ಷೆ. ಎರಡು ಸಲ ಮುಂದೆ ಹೋದ ಈ ಕಾನೂನು ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆಗೆ ಜಾರಿಯಾಗಬೇಕು.

ಭಾರತದ ಕಾಫಿಯಲ್ಲಿ ಶೇ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಹೆಚ್ಚಿನ ಪಾಲು ಸಣ್ಣ ತೋಟಗಳಲ್ಲಿ, ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳ ನೆರಳಿನಡಿ. ಅದರ ದೊಡ್ಡ ಗಿರಾಕಿ ಯುರೋಪ್. ಕಾಡು ಕಡಿಯದೆ ಮರಗಳ ಅಡಿಯಲ್ಲೇ ಕಾಫಿ ಬೆಳೆಯುವುದನ್ನು ತಲೆಮಾರುಗಳಿಂದ ರೂಢಿಸಿಕೊಂಡ ಬೆಳೆಗಾರ ಈಗ ಅದಕ್ಕೆ ಪುರಾವೆ ಒದಗಿಸಬೇಕು. ಮಾರ್ಚ್, ಏಪ್ರಿಲ್‌ನ ಹೂಮಳೆ ಹೇಳಿದ ಹೊತ್ತಿಗೆ ಬರುವುದನ್ನು ಬಿಟ್ಟಿದೆ. ಕಣದಲ್ಲಿ ಹಣ್ಣು ಒಣಹಾಕಿದಾಗ ಅಕಾಲದ ಮಳೆ ಸುರಿಯುತ್ತದೆ. ಈ ನಷ್ಟ ಬರೆದುಕೊಳ್ಳಲು ಅವನ ಊರಿಗೆ ಯಾವ ನಿಧಿಯ ಮೇಜೂ ಬಂದಿಲ್ಲ. ಕಾಫಿ ಮಂಡಳಿಯ ಆ್ಯಪ್ ಬಂದಿದೆ.

ಮೂರು ಎಕರೆಯ ತೋಟ. ಮಗಳ ಹಳೆಯ ಫೋನು. ಗಿಡದ ಬುಡದಲ್ಲಿ ನಿಂತು ಒತ್ತಿದರೆ ಮೇಲಿನ ಮರಗಳ ದಟ್ಟ ಎಲೆಯಲ್ಲಿ ಉಪಗ್ರಹ ಸಿಗುವುದಿಲ್ಲ, ಪರದೆಯ ಮೇಲೆ ಚಕ್ರ ತಿರುಗುತ್ತದೆ. ಬಯಲಿರುವ ಕಣಕ್ಕೆ ಬಂದು ಒತ್ತಿದರೆ ಕೂಡಲೇ ಸಿಗುತ್ತದೆ. ಆದರೆ ಆ ಬಿಂದು ಕಣದ್ದು, ತೋಟದ್ದಲ್ಲ. ಕೊಂಬೆ ಕಡಿದು ಆಕಾಶ ಬಿಡಿಸಿದರೆ ಕೆಲಸ ಸುಲಭ. ಅವನು ಕತ್ತಿ ಕೆಳಗಿಟ್ಟು, ಫೋನು ತಲೆಯ ಮೇಲೆ ಎತ್ತಿ ಹಿಡಿದು, ಮರಗಳ ನಡುವೆ ಬೆಳಕು ಬೀಳುವ ಜಾಗ ಹುಡುಕುತ್ತ ಇಳಿಜಾರಿನಲ್ಲಿ ಇಳಿಯುತ್ತಾನೆ.